ರಬ್ಬರಿನ ಮುಪ್ಪು

1967ರ ಫೆಬ್ರವರಿಯಲ್ಲಿ ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲೀ ಖಾನರು ಕಾಲವಾದರು. ಮೊಮ್ಮಗ ಮುಕರ್ರಮ್ ಜಾ ಅವರ ಪಾಲಿಗೆ ಅರಮನೆಗಳು, ಒಡವೆಗಳು, ಸಾವಿರಗಟ್ಟಲೆ ನೌಕರರು, ಇವುಗಳ ಜೊತೆಗೆ ಒಂದು ಮೋಟಾರುಖಾನೆಯೂ ಬಂದಿತು. ಅದರಲ್ಲಿ ಅರವತ್ತು ಕಾರುಗಳಿದ್ದುವೆಂದೂ, ಓಡುವ ಸ್ಥಿತಿಯಲ್ಲಿದ್ದುವು ನಾಲ್ಕೇ ನಾಲ್ಕೆಂದೂ, ಪೆಟ್ರೋಲು ಮತ್ತು ಬಿಡಿಭಾಗಗಳ ಲೆಕ್ಕಕ್ಕೆ ಮಾತ್ರ ವರ್ಷ ವರ್ಷವೂ ದೊಡ್ಡ ಮೊತ್ತ ಖರ್ಚು ಬೀಳುತ್ತಿತ್ತೆಂದೂ, ಹೊಸ ನಿಜಾಮರನ್ನು ಪಟ್ಟಾಭಿಷೇಕ ಮುಗಿಸಿ ಕರೆತರಬೇಕಾಗಿದ್ದ ಕಾರು ಕೂಡ ಕೆಟ್ಟು ನಿಂತಿತೆಂದೂ ಅವರ ಜೀವನವೃತ್ತಾಂತವನ್ನು ಬರೆದವರು ಹೇಳಿದ್ದಾರೆ.

ಕೇಳಿದವರಿಗೆ ನಗು ಬರಬಹುದು. ಆದರೆ ಈ ಕಥೆ ಅರಮನೆಗೆ ಮಾತ್ರ ಸೇರಿದ್ದಲ್ಲ. 1948ರವರೆಗೆ ಅದೇ ನಿಜಾಮರ ಆಳಿಕೆಗೆ ಒಳಪಟ್ಟಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಬೀದರಿನಲ್ಲಿ, ಇಂದು ಮೈಲೂರಿನ ಓಣಿಗಳಲ್ಲಿ ಒಂದು ಸುತ್ತು ಹಾಕಿದರೂ ತಾಡಪತ್ರಿ ಹೊದ್ದು ನಿಂತ ಒಂದು ಅಂಬಾಸಿಡರೋ ಫಿಯೆಟ್ಟೋ ಹಳೆಯ ಜೀಪೋ ಕಣ್ಣಿಗೆ ಬೀಳದಿರದು. “ಅಜ್ಜನ ಕಾರ್ ಅದ, ಮಾರಲಿಕ್ಕೆ ಮನಸ್ಸಿಲ್ಲ, ಹಂಗೇ ಇಟ್ಟೀವಿ” ಎನ್ನುತ್ತಾರೆ ಮನೆಯವರು. ಇಟ್ಟಿದ್ದಾರೆ, ನಿಜ, ಉಳಿಸಿದ್ದಾರೆಯೆ? ಬಣ್ಣ ಮಾಸಿದರೂ ಕಬ್ಬಿಣ ಗಟ್ಟಿಯಾಗಿದೆ, ಗಾಜು ಒಡೆದಿಲ್ಲ, ಎಂಜಿನನ್ನು ಬಿಚ್ಚಿ ಎಣ್ಣೆ ಕೊಟ್ಟರೆ ತಿರುಗಲೂಬಹುದು. ಬಾಗಿಲನ್ನು ತೆರೆದು ನೋಡಿದರೆ ಮಾತ್ರ ಅಂಚಿನ ರಬ್ಬರ್ ಬೀಡಿಂಗು ಹಪ್ಪಳದಂತೆ ಮುರಿದು ಕೈಗೆ ಬರುತ್ತದೆ. ಟಯರಿನ ಮಗ್ಗುಲಲ್ಲಿ ಬೇಸಗೆಯ ಕೆರೆಯಂಗಳದಂತೆ ಬಿರುಕು. ವೈಪರಿನ ಪಟ್ಟಿ, ಪೆಡಲಿನ ಮೇಲ್ಹೊದಿಕೆ, ನೀರಿನ ಹೋಸು, ಫ್ಯಾನಿನ ಬೆಲ್ಟು ಎಲ್ಲವೂ ಅದೇ ದಾರಿ ಹಿಡಿದಿವೆ. ನಿಂತ ಕಾರಿನಲ್ಲಿ ಮೊದಲು ಸಾಯುವುದು ರಬ್ಬರು.

ಇತಿಹಾಸದಲ್ಲಿ ಆಸಕ್ತಿಯುಳ್ಳವರು ಈ ಸಂಗತಿಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಬೀದರಿನಲ್ಲಿ ಹಳೆಯ ವಸ್ತುಗಳಿಗೆ ಬರಗಾಲವಿಲ್ಲ. ಮಹಮೂದ್ ಗಾವಾನನ ಮದರಸಾ 1472ರದು. 1696ರಲ್ಲಿ ಸಿಡಿಮದ್ದು ಸ್ಫೋಟಗೊಂಡು ಅದರ ಒಂದು ಭಾಗ ಹಾರಿಹೋದರೂ, ಉಳಿದ ಗೋಡೆಯ ಮೇಲೆ ಬಣ್ಣದ ಹೆಂಚುಗಳು ಇಂದಿಗೂ ಹೊಳೆಯುತ್ತಿವೆ. ಕೋಟೆಯ ರಂಗೀನ್ ಮಹಲಿನ ಕರಿಯ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಶತಮಾನಗಳನ್ನು ದಾಟಿ ಬಂದಿದೆ. 1914ರಲ್ಲಿ ಸ್ಥಾಪನೆಯಾದ ನಿಜಾಮ ಸರ್ಕಾರದ ಪುರಾತತ್ತ್ವ ಇಲಾಖೆ ಈ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಕೈಹಾಕಿತು. ಅದರ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು ಬೀದರಿನ ಸ್ಮಾರಕಗಳನ್ನು ಕುರಿತು ಬರೆದ ದೊಡ್ಡ ಗ್ರಂಥ 1947ರಲ್ಲಿ ಪ್ರಕಟವಾಯಿತು. ಕಲ್ಲು ಗಾರೆಗಳ ಶತ್ರು ಯಾರೆಂಬುದು ಇವರಿಗೆಲ್ಲ ಗೊತ್ತಿತ್ತು: ಮಳೆ, ಬೇರು, ಬಾವಲಿ, ಮನುಷ್ಯ. ಆದರೆ ಅದೇ ಕಾಲದಲ್ಲಿ, ಅದೇ ರಾಜ್ಯದಲ್ಲಿ, ಹೊಸದೊಂದು ಯುಗದ ಗುರುತಾಗಿ ಬಂದ ಮೋಟಾರು ಬಂಡಿಗಳ ಶತ್ರು ಬೇರೆಯೇ ಆಗಿತ್ತು. ಅದು ಕಣ್ಣಿಗೆ ಕಾಣುವಂಥದಲ್ಲ. ಆ ಶತ್ರುವನ್ನು ಗುರುತಿಸಲು ಲೋಕಕ್ಕೆ ಬಹಳ ಕಾಲ ಹಿಡಿಯಿತು. ಗುರುತಿಸಿದ ಬಗೆಯಲ್ಲಿ ಭಾರತಕ್ಕೂ ಒಂದು ಪಾಲುಂಟು. ಅದನ್ನು ತಿಳಿಯಬೇಕಾದರೆ ರಬ್ಬರಿನ ತವರುಮನೆಯಿಂದಲೇ ತೊಡಗಬೇಕು.

ರಬ್ಬರಿನ ತವರು ಅಮೆರಿಕಾ ಖಂಡ. ಮೆಕ್ಸಿಕೋ ದೇಶದ ಎಲ್ ಮನಾತಿ ಎಂಬಲ್ಲಿ, ಕೆಸರಿನಡಿಯಲ್ಲಿ, ರಬ್ಬರಿನ ಚೆಂಡುಗಳು ದೊರೆತಿವೆ. ಅವುಗಳ ವಯಸ್ಸು ಸುಮಾರು 3,500 ವರ್ಷಗಳೆಂದು ವಿದ್ವಾಂಸರ ನಿರ್ಣಯ. ಅಲ್ಲಿನ ಪ್ರಾಚೀನರು ಒಂದು ಮರದ ಹಾಲಿಗೆ ಒಂದು ಬಳ್ಳಿಯ ರಸವನ್ನು ಬೆರೆಸಿ ಅದನ್ನು ಗಟ್ಟಿಮಾಡುತ್ತಿದ್ದರು. ನಮ್ಮ ಕಾರಿನ ಬೀಡಿಂಗು ಇಪ್ಪತ್ತು ವರ್ಷ ಬಾಳದಿರುವಾಗ ಆ ಚೆಂಡುಗಳು ಮೂರೂವರೆ ಸಾವಿರ ವರ್ಷ ಉಳಿದುದು ಹೇಗೆ? ಅವು ಬಿದ್ದಿದ್ದುದು ನೀರು ತುಂಬಿದ ಜವುಗಿನಲ್ಲಿ. ಅಲ್ಲಿ ಬೆಳಕಿಲ್ಲ, ಗಾಳಿಯಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದಕ್ಕೆಲ್ಲ ಇದೇ ಬೀಜ.

ಯುರೋಪಿನ ವಿದ್ವಾಂಸರಿಗೆ ಈ ವಸ್ತುವಿನ ಸರಿಯಾದ ಪರಿಚಯವಾದುದು 1736ರಲ್ಲಿ, ಲ ಕೊಂಡಮಿನ್ ಎಂಬ ಫ್ರೆಂಚ್ ಪಂಡಿತ ದಕ್ಷಿಣ ಅಮೆರಿಕಾದಿಂದ ಮಾದರಿಗಳನ್ನು ಪ್ಯಾರಿಸಿಗೆ ಕಳುಹಿಸಿದ ಮೇಲೆ. 1770ರಲ್ಲಿ ಪ್ರೀಸ್ಟ್‌ಲಿ ಎಂಬ ಇಂಗ್ಲಿಷ್ ವಿಜ್ಞಾನಿ ಇದು ಸೀಸದ ಕಡ್ಡಿಯ ಬರಹವನ್ನು ಉಜ್ಜಿ ಅಳಿಸಬಲ್ಲುದೆಂದು ಬರೆದ. ಉಜ್ಜುವ ವಸ್ತುವಾದ್ದರಿಂದ ರಬ್ಬರು ಎಂದೇ ಅದಕ್ಕೆ ಹೆಸರಾಯಿತು. 1823ರಲ್ಲಿ ಸ್ಕಾಟ್ಲೆಂಡಿನ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರು ಹಚ್ಚಿ ಮಳೆಯಂಗಿ ಮಾಡಿದ. ಆದರೆ ಆ ಕಾಲದ ರಬ್ಬರಿಗೆ ಋತುಗಳನ್ನು ಎದುರಿಸುವ ಶಕ್ತಿಯಿರಲಿಲ್ಲ. ಬೇಸಗೆ ಬಂದರೆ ಅಂಟಂಟಾಗಿ ಕರಗುವುದು, ಚಳಿ ಬಂದರೆ ಹಲಗೆಯಂತೆ ಸೆಟೆಯುವುದು. 1830ರ ದಶಕದಲ್ಲಿ ಅಮೆರಿಕಾದ ರಬ್ಬರ್ ಕಂಪೆನಿಗಳು ಒಂದಾದ ಮೇಲೊಂದು ಮುಳುಗಿದುದು ಇದರಿಂದಲೇ.

1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಈ ರೋಗ ಹೋಗುವುದೆಂದು ಕಂಡುಕೊಂಡ. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್ಕಾಕ್ ಅದೇ ದಾರಿಯಲ್ಲಿದ್ದ. 1844ರ ಹೊತ್ತಿಗೆ ಎರಡು ದೇಶಗಳಲ್ಲಿಯೂ ಇದಕ್ಕೆ ಪೇಟೆಂಟು ದೊರೆಯಿತು. ರೋಮನರ ಅಗ್ನಿದೇವತೆ ವಲ್ಕನ್ನನ ಹೆಸರಿನಿಂದ ಈ ಕ್ರಿಯೆಯನ್ನು ವಲ್ಕನೀಕರಣ ಎಂದರು. ಗುಡ್‌ಇಯರ್ 1860ರಲ್ಲಿ ಸಾಲಗಾರನಾಗಿಯೇ ಸತ್ತ. ಇಂದು ಅವನ ಹೆಸರು ಹೊತ್ತಿರುವ ಟಯರು ಕಂಪೆನಿ ಹುಟ್ಟಿದ್ದು 1898ರಲ್ಲಿ. ಅದಕ್ಕೂ ಅವನಿಗೂ ಸಂಬಂಧವಿಲ್ಲ.

ಗಂಧಕ ಮಾಡಿದುದೇನು? ರಬ್ಬರೆಂಬುದು ಕಾರ್ಬನ್ ಮತ್ತು ಜಲಜನಕಗಳ ಉದ್ದುದ್ದನೆಯ ಅಣುಸರಪಳಿಗಳ ಸಿಕ್ಕು. ಗಂಧಕವು ಒಂದು ಸರಪಳಿಗೂ ಮತ್ತೊಂದಕ್ಕೂ ನಡುವೆ ಸೇತುವೆ ಕಟ್ಟುತ್ತದೆ. ಆಗ ರಬ್ಬರು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನ ಆಕಾರಕ್ಕೆ ಬರುತ್ತದೆ. ಆದರೆ ಸರಪಳಿಯುದ್ದಕ್ಕೂ ಜೋಡಿಬಂಧಗಳೆಂಬ ದುರ್ಬಲವಾದ ಗಂಟುಗಳು ಉಳಿದೇ ಇರುತ್ತವೆ. ಅವು ಸಿಕ್ಕವರೊಡನೆ ಕೈಕೂಡಿಸಲು ಕಾದಿರುತ್ತವೆ. ಗುಡ್‌ಇಯರ್ ಬಿಸಿಲು ಚಳಿಗಳನ್ನು ಗೆದ್ದ, ಗಾಳಿಯನ್ನು ಗೆಲ್ಲಲಿಲ್ಲ.

ಗಾಳಿಯ ಕೆಲಸವನ್ನು ಮೊದಲು ಬಯಲಿಗೆಳೆದ ಸಂಶೋಧನೆಗೆ ಕಾರಣವಾದುದು ಭಾರತದ ತಂತಿ. 1850ರ ದಶಕದಲ್ಲಿ ಡಾಕ್ಟರ್ ಓಷಾನೆಸ್ಸಿಯ ನೇತೃತ್ವದಲ್ಲಿ ಈ ದೇಶದಲ್ಲಿ ಟೆಲಿಗ್ರಾಫಿನ ಜಾಲ ಹರಡಿತು. ತಂತಿಗೆ ಹೊದಿಸಲು ಕೆಲವೆಡೆ ಗಟ್ಟಾಪರ್ಚ ಎಂಬ ಪದಾರ್ಥವನ್ನು ಬಳಸಿದರು. ಅದು ರಬ್ಬರಿನ ದಾಯಾದಿ. ಮಲಯದ ಕಡೆಯ ಮರವೊಂದರ ಹಾಲಿನಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಚೆನ್ನಾಗಿ ಬಾಳಿದ ಆ ಹೊದಿಕೆ ಇಲ್ಲಿ ಪುಡಿಪುಡಿಯಾಗತೊಡಗಿತು. ಹಾಳಾದ ಮಾದರಿಗಳು ಲಂಡನ್ನಿನಲ್ಲಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಹಾಫ್‌ಮನ್ನನ ಕೈ ಸೇರಿದವು. ಉಷ್ಣ ದೇಶಗಳ ಪ್ರಭಾವದಿಂದ ಗಟ್ಟಾಪರ್ಚದಲ್ಲಿ ಆಗುವ ಮಾರ್ಪಾಟುಗಳನ್ನು ಕುರಿತ ಅವನ ಲೇಖನ 1861ರಲ್ಲಿ ಅಚ್ಚಾಯಿತು. ಅವನು ಕೊಟ್ಟ ಉತ್ತರ ಸರಳವಾಗಿತ್ತು: ಆ ಪದಾರ್ಥ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡಿದೆ. 1865ರಲ್ಲಿ ಸ್ಪಿಲ್ಲರ್ ಎಂಬಾತ ರಬ್ಬರಿನ ವಿಷಯದಲ್ಲಿಯೂ ಇದನ್ನೇ ತೋರಿಸಿದ.

ಈ ಉತ್ತರದಲ್ಲಿ ನಮ್ಮ ಕಾರಿನ ಮಾಲೀಕರಿಗೆ ಒಂದು ದೊಡ್ಡ ಪಾಠವಿದೆ. ರಬ್ಬರು ಒಣಗಿತು ಎಂದು ನಾವು ಹೇಳುತ್ತೇವೆ. ಭಾಷೆ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಒಣಗುವುದೆಂದರೆ ಒಳಗಿನ ನೀರು ಹೋಗುವುದು: ಸೌದೆ ಒಣಗುತ್ತದೆ, ಬಟ್ಟೆ ಒಣಗುತ್ತದೆ, ತೊಗಲು ಒಣಗುತ್ತದೆ. ನಮ್ಮ ಹಿರಿಯರು ಕಪಿಲೆ ಬಾವಿಯ ತೊಗಲಿನ ಚೀಲಕ್ಕೆ, ಎತ್ತಿನ ಮಿಣಿಗೆ, ಮೆಟ್ಟಿನ ಜೋಡಿಗೆ ಎಣ್ಣೆ ಉಣಿಸಿ ಮೆದುಮಾಡುತ್ತಿದ್ದರು. ಆ ಅಭ್ಯಾಸವೇ ರಬ್ಬರಿಗೂ ಸಾಗಿಬಂದಿದೆ. ಆದರೆ ರಬ್ಬರಿನಲ್ಲಿ ಒಣಗಲು ನೀರೆಂಬುದೇ ಇಲ್ಲ. ಅದಕ್ಕೆ ಆಗುವುದು ಒಣಗಿಕೆಯಲ್ಲ, ಮುಪ್ಪು. ಆಮ್ಲಜನಕವು ಸರಪಳಿಗಳನ್ನು ಕಡಿದರೆ ರಬ್ಬರು ಬೆಲ್ಲದ ಪಾಕದಂತೆ ಅಂಟಾಗುತ್ತದೆ. ಅಡ್ಡಸೇತುವೆಗಳನ್ನು ಮಿತಿಮೀರಿ ಕಟ್ಟಿದರೆ ಕಲ್ಲಾಗಿ ಬಿರಿಯುತ್ತದೆ. ತನ್ನ ತೂಕದ ನೂರಕ್ಕೆ ಒಂದೆರಡು ಪಾಲು ಆಮ್ಲಜನಕವನ್ನು ಹೀರಿದರೆ ಸಾಕು, ಅದು ಕೆಲಸಕ್ಕೆ ಬಾರದಾಗುತ್ತದೆ. ಬಾಡಿದ ಬೀಡಿಂಗಿಗೆ ಕೊಬ್ಬರಿ ಎಣ್ಣೆಯನ್ನೋ ಡೀಸೆಲನ್ನೋ ಸವರಿದರೆ ಒಂದು ವಾರ ಹೊಳೆಯುತ್ತದೆ, ನಿಜ. ಆದರೆ ಸಹಜ ರಬ್ಬರು ಎಣ್ಣೆಯನ್ನು ಹೀರಿ ಉಬ್ಬಿ ಇನ್ನಷ್ಟು ಬೇಗ ಸೊರಗುತ್ತದೆ. ಪೆಟ್ರೋಲು, ಸೀಮೆಎಣ್ಣೆಗಳಂತೂ ಅದಕ್ಕೆ ವಿಷವೇ ಸರಿ.

ಇದೇ ಇತಿಹಾಸದಲ್ಲಿ ನಮ್ಮ ಸೀಮೆಯ ಬೆಳೆಯೊಂದಕ್ಕೆ ಒಂದು ಗೌರವದ ಸ್ಥಾನವಿದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆಯಾಗಿ, ಮಕ್ಕಳಿಗೆ ಭೇದಿಯ ಮದ್ದಾಗಿ ನಾವು ಬಲ್ಲ ಔಡಲೆಣ್ಣೆಯೇ ಅದು. ಅಮೆರಿಕಾದಲ್ಲಿ ಲಾಕ್‌ಹೀಡ್ ಎಂಬಾತ ದ್ರವದ ಒತ್ತಡದಿಂದ ನಡೆಯುವ ಬ್ರೇಕನ್ನು ರೂಪಿಸಿದ. 1920ರ ದಶಕದಲ್ಲಿ ಅದು ಕಾರುಗಳಿಗೆ ಬಂದಿತು. ಆ ಬ್ರೇಕಿನೊಳಗೆ ರಬ್ಬರಿನ ವಾಷರುಗಳಿರುತ್ತವೆ. ಮಣ್ಣೆಣ್ಣೆಯ ಜಾತಿಯ ಯಾವ ಎಣ್ಣೆಯನ್ನು ತುಂಬಿದರೂ ಅವು ಉಬ್ಬಿ ಕೆಡುತ್ತಿದ್ದುವು. ಸಹಜ ರಬ್ಬರನ್ನು ಕೆಡಿಸದ ಎಣ್ಣೆಯೆಂದು ಔಡಲೆಣ್ಣೆಯನ್ನು ಆರಿಸಿ, ಅದಕ್ಕೆ ಆಲ್ಕೋಹಾಲು ಬೆರೆಸಿ ತುಂಬಿದರು. ದಖ್ಖಣದ ಮಡ್ಡಿಭೂಮಿಯಲ್ಲಿ ಮಳೆಯನ್ನು ಹೆಚ್ಚು ಕೇಳದೆ ಬೆಳೆಯುವ ಔಡಲದ ಬೀಜ ಹೀಗೆ ಮೋಟಾರಿನ ಬ್ರೇಕಿನೊಳಗೆ ಸೇರಿತು.

ಮತ್ತೆ ನಮ್ಮ ಕಥೆಗೆ ಬರೋಣ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ತಂದ. ನೂರರಲ್ಲಿ ನಾಲ್ಕು ಕೂಡ ಸರಿಯಾಗಿ ಮೊಳೆಯಲಿಲ್ಲ. ಮೊಳೆತ ಸಸಿಗಳಲ್ಲಿ ಬಹುಪಾಲು ಸಿಂಹಳಕ್ಕೆ ಹೋದವು. ಅಲ್ಲಿಂದ ಮಲಯಕ್ಕೂ ಮಲಬಾರಿನ ಕಡೆಗೂ ಬೆಳೆ ಹರಡಿತು. 1902ರಲ್ಲಿ ಪೆರಿಯಾರ್ ನದಿಯ ದಂಡೆಯ ತಟ್ಟೇಕಾಡಿನಲ್ಲಿ ವ್ಯಾಪಾರದ ತೋಟ ಎದ್ದಿತು. ಇಂದು ನಮ್ಮ ರಾಜ್ಯದಲ್ಲಿ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಗುಡ್ಡಗಳಲ್ಲಿ ರಬ್ಬರಿದೆ. 1964ರ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯದ ಸರ್ಕಾರಿ ತೋಟಗಳಲ್ಲಿ ಹಾಲು ತೆಗೆಯುವ ಕೆಲಸಕ್ಕೆ ನಿಂತುವು. ನಾವು ಅಂಗಳದಲ್ಲಿ ಕೊಳೆಯಗೊಡುವ ಒಂದೊಂದು ರಬ್ಬರ್ ಪಟ್ಟಿಯ ಹಿಂದೆ ಇಂಥ ಜನರ ನಸುಕಿನ ದುಡಿಮೆಯಿದೆ.

ಅತ್ತ 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟಯರು ಹಾಕಿಕೊಟ್ಟ. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸೋದರರು ಅಂಥ ಟಯರುಗಳ ಮೇಲೆ ಕಾರನ್ನು ಪಂದ್ಯದಲ್ಲಿ ಓಡಿಸಿದರು. ಆ ಕಾಲದ ಟಯರುಗಳ ಬಣ್ಣ ಕಪ್ಪಲ್ಲ, ಬಿಳಿಯೋ ಬೂದಿಯೋ. 1910ರ ಆಚೀಚೆ ದೀಪದ ಕಾಡಿಗೆಯಂಥ ಇಂಗಾಲದ ಮಸಿಯನ್ನು ಬೆರೆಸುವುದು ರೂಢಿಗೆ ಬಂದಮೇಲೆ ಟಯರು ಕಪ್ಪಾಯಿತು. ಮಸಿಯಿಂದ ಅದರ ಸವೆತ ಕಡಿಮೆಯಾಯಿತು. ಬಿಸಿಲಿನ ಕಿರಣಗಳಿಗೂ ಒಂದು ತಡೆ ಸಿಕ್ಕಿತು. ಮುಪ್ಪನ್ನು ತಡೆಯುವ ಔಷಧಗಳು ರಬ್ಬರಿನೊಳಗೆ ಸೇರಿದುದು 1920ರ ದಶಕದಿಂದ ಈಚೆಗೆ.

ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲೀ ಖಾನರು ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರಿಗೆ ಹೇಳಿಕಳುಹಿಸಿದುದು ಈ ಔಷಧಗಳು ಹುಟ್ಟುವ ಮೊದಲು. 1911ರಲ್ಲಿ ಅವರು ತೀರಿಕೊಂಡರು. ಕಾರು ಬಂದಿದ್ದು ಮಗನ ಕೈಗೆ. ಹಳದಿ ಬಣ್ಣ, ಬಾರ್ಕರ್ ಕಂಪೆನಿಯವರು ಕಟ್ಟಿದ ಮೈ, ಹಿಂಬದಿಯಲ್ಲಿ ಸಿಂಹಾಸನದಂತೆ ಎತ್ತರಿಸಿದ ಆಸನ. ಮೆರವಣಿಗೆಗೆಂದೇ ಮಾಡಿಸಿದ ಆ ಬಂಡಿ ಉಸ್ಮಾನ್ ಅಲೀ ಖಾನರ ಆಳಿಕೆಯುದ್ದಕ್ಕೂ ಓಡಿದ್ದು ಕೆಲವು ನೂರು ಮೈಲಿ ಮಾತ್ರ. ಉಳಿದ ಕಾಲವೆಲ್ಲ ಅದು ನಿಂತೇ ಇತ್ತು. ಈಗ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಅದನ್ನು ಜನ ನೋಡಬಹುದು.

ಅದೇ ರಾಜ್ಯದ ಇನ್ನೊಂದು ಬಂಡಿಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. 1932ರಲ್ಲಿ ನಿಜಾಮರ ರೈಲ್ವೆಯವರು 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿದರು. ಆ ಕಾಲದ ಆಲ್ಬಿಯನ್ ಬಸ್ಸೊಂದನ್ನು, ದಕ್ಕನ್ ಕ್ವೀನ್ ಎಂಬ ಹೆಸರಿನದನ್ನು, ಹೈದರಾಬಾದಿನ ಸಾರಿಗೆ ಸಂಸ್ಥೆಯವರು ಕಾಪಾಡಿಕೊಂಡು ಬಂದಿದ್ದಾರೆ. ದುಡಿಯುವ ಬಸ್ಸಿನ ಟಯರು ರಸ್ತೆಯಲ್ಲಿ ಸವೆದು ತೀರುತ್ತದೆ. ಮುಪ್ಪು ಬರುವ ಮೊದಲೇ ಅದರ ಆಯುಸ್ಸು ಮುಗಿದಿರುತ್ತದೆ. ಮೆರವಣಿಗೆಯ ಕಾರಿನ ಟಯರಿಗೆ ಸವೆತವಿಲ್ಲ, ಅದು ನಿಂತಲ್ಲಿಯೇ ಮುದಿಯಾಗುತ್ತದೆ. ಇದರಲ್ಲಿ ನೀತಿಕಥೆಯ ಜೊತೆಗೆ ರಸಾಯನವೂ ಇದೆ. ಇಂದಿನ ಟಯರುಗಳ ರಬ್ಬರಿನೊಳಗೆ ಮೇಣವನ್ನೂ ರಕ್ಷಕ ದ್ರವ್ಯಗಳನ್ನೂ ಬೆರೆಸಿರುತ್ತಾರೆ. ಗಾಲಿ ಉರುಳಿ ರಬ್ಬರು ಬಾಗಿ ಬಳುಕಿದಂತೆಲ್ಲ ಇವು ಒಳಗಿನಿಂದ ಮೈಮೇಲೆ ಜಿನುಗಿ ಬರುತ್ತವೆ. ನಿಂತ ಗಾಲಿಗೆ ಈ ಕಾಪು ಕಡಿಮೆ.

ಹಾಗಾದರೆ ಶತ್ರುಗಳು ಯಾರು ಯಾರೆಂದು ಒಮ್ಮೆ ಎಣಿಸಿ ನೋಡೋಣ. ಮೊದಲನೆಯದು ಆಮ್ಲಜನಕ. ಎರಡನೆಯದು ಶಾಖ: ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆಂಬುದು ಸ್ಥೂಲ ಲೆಕ್ಕ. ಬೀದರು ಎರಡು ಸಾವಿರ ಅಡಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದ್ದರೂ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಸುತ್ತ ಸುಳಿಯುತ್ತದೆ; ತಗಡಿನ ಶೆಡ್ಡಿನೊಳಗೆ ಅದಕ್ಕಿಂತ ಹೆಚ್ಚು. ಮೂರನೆಯದು ಬೆಳಕು. ನಾಲ್ಕನೆಯದು ಓಜೋನ್ ಅನಿಲ. ಹತ್ತು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗ ಓಜೋನಿದ್ದರೂ ಬಿಗಿದು ಎಳೆದ ರಬ್ಬರಿನಲ್ಲಿ ಎಳೆತಕ್ಕೆ ಅಡ್ಡವಾಗಿ ಸೀಳುಗಳೇಳುತ್ತವೆ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕಾದ ಲಾಸ್ ಏಂಜಲಿಸ್ ನಗರದಲ್ಲಿ ಹೊಗೆಮಂಜು ಕವಿದಾಗ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ಬಾಗಿಸಿದ ರಬ್ಬರ್ ತುಂಡುಗಳನ್ನು ಗಾಳಿಗಿಟ್ಟು, ಬಿರುಕಿನ ಆಳದಿಂದ ಓಜೋನನ್ನು ಅಳೆದ. ಆ ಓಜೋನು ಹುಟ್ಟಿದ್ದು ಎಲ್ಲಿಂದ? ಮೋಟಾರುಗಳ ಹೊಗೆಯ ಮೇಲೆ ಬಿಸಿಲು ಬಿದ್ದುದರಿಂದ. ಕಾರು ಉಗುಳಿದ ಹೊಗೆಯೇ ತಿರುಗಿ ಬಂದು ಕಾರಿನ ಟಯರನ್ನು ತಿನ್ನುತ್ತದೆಂದಾಯಿತು. ವಿದ್ಯುತ್ ಮೋಟಾರಿನ ಕಿಡಿ, ವೆಲ್ಡಿಂಗಿನ ಕಿಡಿಗಳಿಂದಲೂ ಓಜೋನ್ ಹುಟ್ಟುತ್ತದೆ. ಇವಲ್ಲದೆ ಎಣ್ಣೆ ಒಂದು ಶತ್ರು, ತಾಮ್ರ ಇನ್ನೊಂದು. ತಾಮ್ರ ತಗಲಿದ ರಬ್ಬರು ಬೇಗ ಕೊಳೆಯುತ್ತದೆ.

ಶತ್ರುವನ್ನು ತಿಳಿದ ಮೇಲೆ ಕಾಪಿನ ಉಪಾಯ ತಾನಾಗಿ ಹೊಳೆಯುತ್ತದೆ. ಇವೂ ಹೊಸವಲ್ಲ. 1942ರ ಜುಲೈಯಲ್ಲಿ ಬ್ರಿಟನ್ನಿನಲ್ಲಿ ಸಾಮಾನ್ಯರ ಪೆಟ್ರೋಲ್ ಪಡಿತರ ನಿಂತುಹೋಗಿ ಖಾಸಗಿ ಕಾರುಗಳು ಮನೆ ಸೇರಿದವು. ಅದೇ ವರ್ಷ ಮಲಯವು ಜಪಾನೀಯರ ವಶವಾಗಿದ್ದರಿಂದ ರಬ್ಬರಿಗೆ ಬಂಗಾರದ ಬೆಲೆ ಬಂದಿತ್ತು. ಯುದ್ಧ ಮುಗಿಯುವ ತನಕ ಕಾರನ್ನು ದಿಮ್ಮಿಗಳ ಮೇಲೆ ಏರಿಸಿ, ಗಾಲಿಗಳ ಮೇಲಿನ ಭಾರವನ್ನು ತೆಗೆದು, ಕತ್ತಲೆಯಲ್ಲಿ ಇಡುವ ಪದ್ಧತಿ ಆಗ ಮನೆಮಾತಾಯಿತು. ಇಂದಿಗೂ ಅದೇ ದಾರಿ.

ಕಾರನ್ನು ತಗಡಿನ ಶೆಡ್ಡಿಗಿಂತ ಗೋಡೆಯುಳ್ಳ, ತಂಪಾದ, ಕತ್ತಲಾದ ಕೋಣೆಯಲ್ಲಿಡಬೇಕು. ಪ್ಲಾಸ್ಟಿಕ್ ತಾಡಪತ್ರಿ ಬೇಡ, ಉಸಿರಾಡುವ ದಪ್ಪ ಹತ್ತಿ ಬಟ್ಟೆ ಸಾಕು. ಅದೇ ಕೋಣೆಯಲ್ಲಿ ನೀರಿನ ಪಂಪಾಗಲಿ ಬ್ಯಾಟರಿ ಚಾರ್ಜು ಮಾಡುವ ಯಂತ್ರವಾಗಲಿ ನಡೆಯಬಾರದು. ಜಾಕಿಯಿಂದ ಎತ್ತಿ ಗಟ್ಟಿಯಾದ ಆಧಾರಗಳ ಮೇಲೆ ಕೂರಿಸಿದರೆ ಟಯರು ಒಂದೇ ಕಡೆ ಚಪ್ಪಟೆಯಾಗುವುದು ತಪ್ಪುತ್ತದೆ. ಅಷ್ಟಾಗದಿದ್ದರೆ ಗಾಳಿಯನ್ನು ಸರಿಯಾಗಿ ತುಂಬಿ, ತಿಂಗಳಿಗೊಮ್ಮೆ ಗಾಲಿಯನ್ನು ಕಾಲು ಸುತ್ತು ಉರುಳಿಸಬೇಕು. ರಬ್ಬರನ್ನು ಮೆತ್ತನೆಯ ಸಾಬೂನಿನ ನೀರಿನಿಂದ ತೊಳೆದು ನೆರಳಿನಲ್ಲಿ ಆರಿಸಬೇಕು. ಬಾಗಿಲಿನ ಬೀಡಿಂಗಿಗೆ ತೆಳುವಾಗಿ ಗ್ಲಿಸರಿನ್ ಅಥವಾ ಸಿಲಿಕೋನ್ ಸವರಿದರೆ ಅದು ಲೋಹಕ್ಕೆ ಅಂಟಿ ಹರಿಯುವುದಿಲ್ಲ. ಇದು ಮುಪ್ಪನ್ನು ಕಳೆಯುವ ಮದ್ದಲ್ಲ, ಹರಿಯದಂತೆ ನೋಡಿಕೊಳ್ಳುವ ಉಪಾಯ ಮಾತ್ರ. ಬಾಗಿಲುಗಳನ್ನು ಬಿಗಿಯಾಗಿ ಒತ್ತದೆ ಹಗುರವಾಗಿ ಮುಂದಿಟ್ಟರೆ ಬೀಡಿಂಗು ಜಜ್ಜಿದ ಆಕಾರದಲ್ಲಿಯೇ ಉಳಿದುಬಿಡುವುದಿಲ್ಲ. ವೈಪರಿನ ಕೈಯನ್ನು ಗಾಜಿನಿಂದ ಎತ್ತಿಡಬೇಕು, ಬೆಲ್ಟನ್ನು ಸಡಿಲಿಸಬೇಕು. ಬಿಡಿಯಾಗಿ ಕೂಡಿಟ್ಟ ಟ್ಯೂಬು, ವಾಷರುಗಳಿಗೆ ಪಂಕ್ಚರ್ ಅಂಗಡಿಯವರು ಬಳಸುವ ನುಣುಪಾದ ಬಿಳಿಯ ಪುಡಿಯನ್ನು ಸವರಿ, ಮಡಿಸದೆ, ಗಾಳಿಯಾಡದ ಚೀಲದಲ್ಲಿಟ್ಟು ಕತ್ತಲೆಗೆ ಸೇರಿಸಬೇಕು. ಎಲ್ ಮನಾತಿಯ ಕೆಸರು ಆ ಚೆಂಡುಗಳಿಗೆ ಮಾಡಿದ ಉಪಕಾರವನ್ನೇ ನಾವು ಇಲ್ಲಿ ಚೀಲದಿಂದ ಮಾಡುವುದು.

ಆದರೂ ಎಂದಾದರೂ ಒಂದು ದಿನ ರಬ್ಬರು ಸಾಯುತ್ತದೆ. ಆಗ ಮೋಹ ಸಲ್ಲದು. ಮದುವೆಯ ಮೆರವಣಿಗೆಗೆಂದು ಅಜ್ಜನ ಕಾರನ್ನು ಹೊರಗೆ ತೆಗೆಯುವವರು ಬ್ರೇಕಿನ ಹೋಸನ್ನು ಮೊದಲು ಬದಲಾಯಿಸಬೇಕು. ಹೊರಗೆ ಚೆನ್ನಾಗಿ ಕಾಣುವ ಹೋಸು ಒಳಗೆ ಊದಿ ಮುಚ್ಚಿಕೊಂಡಿರಬಹುದು, ಒತ್ತಡಕ್ಕೆ ಒಡೆಯಲೂಬಹುದು. ಟಯರಿನ ಅಚ್ಚು ಸವೆಯದಿದ್ದ ಮಾತ್ರಕ್ಕೆ ಅದನ್ನು ನಂಬುವಂತಿಲ್ಲ. 2000ದಿಂದ ಈಚಿನ ಟಯರುಗಳ ಮಗ್ಗುಲಲ್ಲಿ ನಾಲ್ಕು ಅಂಕಿಗಳಲ್ಲಿ ಜನ್ಮಕಾಲವನ್ನು ಒತ್ತಿರುತ್ತಾರೆ. 1514 ಎಂದಿದ್ದರೆ ಅದು 2014ರ ಹದಿನೈದನೆಯ ವಾರದಲ್ಲಿ ಹುಟ್ಟಿದ್ದು. ಬದಲಿಗೆ ಹಾಕುವ ಬೀಡಿಂಗು ಇಂದಿನ ಕೃತಕ ರಬ್ಬರಿನದಾದರೆ ಹೆಚ್ಚು ಬಾಳುತ್ತದೆ. ಬಾಗಿಲು ಕಿಟಕಿಗಳಿಗೆ ಈಗ ಬಳಸುವ ಬಗೆಯ ಸರಪಳಿಯ ಬೆನ್ನೆಲುಬಿನಲ್ಲಿ ಆ ದುರ್ಬಲ ಜೋಡಿಬಂಧಗಳಿಲ್ಲವಾದ್ದರಿಂದ ಓಜೋನಿಗೆ ಅದು ಸುಲಭದ ತುತ್ತಲ್ಲ.

ಇಲ್ಲಿ ಇತಿಹಾಸದ ಒಂದು ಪ್ರಶ್ನೆ ಎದುರಾಗುತ್ತದೆ. ಎಲ್ಲವನ್ನೂ ಹೊಸದಾಗಿಸಿದ ಕಾರು ಹಳೆಯ ಕಾರೇ? ಓಡಿಸುವವನಿಗೆ ಹೊಸ ರಬ್ಬರು ಬೇಕು. ಜೀವದ ಪ್ರಶ್ನೆಯಿರುವಲ್ಲಿ ಬೇರೆ ಮಾತಿಲ್ಲ. ಆದರೆ ಕಿತ್ತುಹಾಕಿದ ಹಳೆಯ ತುಂಡೂ ಒಂದು ದಾಖಲೆ. ಅದರ ಮೇಲೆ ಮಾಡಿದ ಕಂಪೆನಿಯ ಹೆಸರು, ಊರು, ಅಳತೆಗಳಿರುತ್ತವೆ. ಆ ಕಾಲದವರು ಏನನ್ನು ಬೆರೆಸಿದರೆಂಬ ಸಾಕ್ಷ್ಯ ಅದರ ಒಡಲಿನಲ್ಲಿರುತ್ತದೆ. ಅದನ್ನು ತಿಪ್ಪೆಗೆಸೆಯದೆ, ಎಲ್ಲಿಂದ ಯಾವಾಗ ತೆಗೆದದ್ದೆಂದು ಒಂದು ಚೀಟಿ ಬರೆದು ಎತ್ತಿಡುವುದಕ್ಕೆ ಏನೂ ಖರ್ಚಿಲ್ಲ. ನಮ್ಮ ರಾಜ್ಯದಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದಂಥ ಹಳೆಯ ಕಾರುಗಳ ಸಂಗ್ರಹಗಳಿವೆ. ಆದರೆ ಎಲ್ಲ ಬಂಡಿಗಳೂ ಸಂಗ್ರಹಾಲಯವನ್ನು ಸೇರಲಾರವು. ಮನೆಮನೆಯ ಅಂಗಳದಲ್ಲಿ ನಿಂತಿರುವುವೇ ಹೆಚ್ಚು.

ನಮ್ಮ ಜಿಲ್ಲೆಯ ಬಸವಕಲ್ಯಾಣವು ಹಿಂದೆ ಚಾಲುಕ್ಯರ ರಾಜಧಾನಿಯಾಗಿತ್ತು. ಆ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಚಿರಪರಿಚಿತ. ಒಡೆದುದನ್ನು, ಬಿರಿದುದನ್ನು ಸರಿಪಡಿಸುವುದು ಎಂದು ಅದರರ್ಥ. ದೇಗುಲವನ್ನು ಕಟ್ಟಿಸಿದವರು ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಮುಂದೆ ಬಿರುಕು ಬಿಡುವುದು ಖಂಡಿತವೆಂದು ತಿಳಿದು, ಅದನ್ನು ಮುಚ್ಚುವ ಖರ್ಚಿಗೆಂದು ಅಂದೇ ಭೂಮಿಯನ್ನು ಬಿಟ್ಟಿರುತ್ತಿದ್ದರು. ಉಳಿಸುವುದೆಂದರೆ ಬೀಗ ಹಾಕಿ ಇಡುವುದಲ್ಲ, ಕಾಲಕಾಲಕ್ಕೆ ಕೈಯಾಡಿಸುವುದು ಎಂಬ ವಿವೇಕ ಅದರಲ್ಲಿದೆ. ನಿಜಾಮರ ಮೋಟಾರುಖಾನೆಗೆ ಕೊರತೆಯಾದುದು ಹಣವಲ್ಲ, ಈ ಕೈ.

ಕಲ್ಲಿಗೆ ತಾಳ್ಮೆಯುಂಟು. ಗಾವಾನನ ಮದರಸಾವನ್ನು ಇನ್ನೂರು ವರ್ಷ ಮರೆತರೂ ಅದು ಯಜ್ದಾನಿಯಂಥವರಿಗಾಗಿ ಕಾದು ನಿಂತಿತ್ತು. ಬಿದರಿಯ ಕಸಬುದಾರರು ತಮ್ಮ ಹೂಜಿಗೆ ಕಪ್ಪು ಬರಿಸಲು ಕೋಟೆಯಲ್ಲಿ ಬಿಸಿಲು ಮಳೆ ಕಾಣದ ಮಣ್ಣನ್ನೇ ಹುಡುಕಿ ತರುತ್ತಾರೆ. ಬಿಸಿಲು ಗಾಳಿಗಳಿಗೆ ಒಡ್ಡಿದ ವಸ್ತು ಬೇರೆ, ಒಡ್ಡದ ವಸ್ತು ಬೇರೆ ಎಂಬುದನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತನೆಯ ಶತಮಾನ ನಮಗೆ ಬಿಟ್ಟುಹೋದ ವಸ್ತುಗಳಿಗೆ ಕಲ್ಲಿನ ತಾಳ್ಮೆ ಇಲ್ಲ. ಕಾರು, ಬಸ್ಸು, ರೇಡಿಯೋ, ಗ್ರಾಮೊಫೋನು ಇವುಗಳೊಳಗೆ ಎಲ್ಲಿಯಾದರೂ ಒಂದು ರಬ್ಬರಿನ ತುಂಡು ಇದ್ದೇ ಇರುತ್ತದೆ. ಅದು ಒಂದು ತಲೆಮಾರಿನ ಮರೆವನ್ನು ಕೂಡ ತಡೆದುಕೊಳ್ಳಲಾರದು. ಎಂಟುನೂರು ವರ್ಷದ ಶಾಸನವನ್ನು ನಮ್ಮ ಮೊಮ್ಮಕ್ಕಳು ಓದಬಲ್ಲರು, ಆದರೆ ಅಜ್ಜ ಓಡಿಸಿದ ಬಂಡಿ ಹೇಗಿತ್ತೆಂದು ತಿಳಿಯಲಾರರು ಎನ್ನುವಂತಾಗಬಾರದು. ಬರುವ ಬೇಸಗೆಗೆ ಮೊದಲು, ಹಳೆಯ ಕಾರುಳ್ಳವರು ತಾಡಪತ್ರಿಯನ್ನು ಸರಿಸಿ ಒಮ್ಮೆ ಬಾಗಿಲು ತೆರೆದು ನೋಡುವುದು ಒಳ್ಳೆಯದು.